ಬಿದ್ದ ಮೇಲೆ ಹೆಸರಾದ ವಿಗ್ರಹ: ರೋಡ್ಸ್ ದ್ವೀಪದ ಕೊಲೊಸಸ್

ಪ್ರಾಚೀನ ಜಗತ್ತಿನ ಏಳು ಅದ್ಭುತಗಳ ಪಟ್ಟಿಯಲ್ಲಿ ಅತಿ ಕಡಿಮೆ ಕಾಲ ನಿಂತಿದ್ದದ್ದು ಗ್ರೀಕರ ರೋಡ್ಸ್ ದ್ವೀಪದ ಸೂರ್ಯದೇವನ ಕಂಚಿನ ವಿಗ್ರಹ, ಅಂದರೆ ಕೊಲೊಸಸ್. ಕ್ರಿ.ಪೂ. 280ರ ಹೊತ್ತಿಗೆ ಅದರ ಕೆಲಸ ಮುಗಿಯಿತು, ಕ್ರಿ.ಪೂ. 226ರ ಆಸುಪಾಸಿನಲ್ಲಿ ಆದ ಭೂಕಂಪದಲ್ಲಿ ಅದು ಉರುಳಿಬಿತ್ತು. ವಿಗ್ರಹ ಎದ್ದು ನಿಂತದ್ದನ್ನು ಹುಡುಗನಾಗಿದ್ದಾಗ ಕಂಡವನು ಮುದುಕನಾಗಿ ಅದು ಬಿದ್ದದ್ದನ್ನೂ ಕಂಡಿರಬಹುದು. ಆದರೆ ಬಿದ್ದ ಜಾಗದಲ್ಲೇ ಅದರ ತುಂಡುಗಳು ಮಲಗಿದ್ದ ಕಾಲ, ಬೈಜಾಂಟಿಯಂನ ಚರಿತ್ರೆಕಾರರ ಮಾತನ್ನು ನಂಬುವುದಾದರೆ, ಸುಮಾರು 880 ವರ್ಷ. ಇನ್ನೂ ಒಂದು ಸಂಗತಿಯನ್ನು ಗಮನಿಸಿ: ವಿಗ್ರಹವನ್ನು ದೇವರಿಗೆ ಅರ್ಪಿಸುವ ಒಂದು ಪದ್ಯವನ್ನು ಬಿಟ್ಟರೆ, ವಿಗ್ರಹ ನಿಂತಿದ್ದಾಗ ಅದನ್ನು ಕಣ್ಣಾರೆ ಕಂಡು ವರ್ಣಿಸಿದ ಯಾವ ಲೇಖಕನ ಬರಹವೂ ನಮಗೆ ಉಳಿದು ಬಂದಿಲ್ಲ. ಅದರ ಎತ್ತರ, ಖರ್ಚು, ಒಳಗಿನ ರಚನೆ ಎಲ್ಲವೂ ನಮಗೆ ತಿಳಿದಿರುವುದು ಅದು ನೆಲದ ಮೇಲೆ ಬಿದ್ದಿದ್ದ ಕಾಲದವರಿಂದ. ಹಾಗಾಗಿ ಇಂದು ನಾನು ನಿಮ್ಮ ಮುಂದೆ ಇಡಲಿರುವುದು, ನಿಂತ ವಿಗ್ರಹಕ್ಕಿಂತ ಹೆಚ್ಚಾಗಿ ಬಿದ್ದ ವಿಗ್ರಹದ ಚರಿತ್ರೆ.

ವಿಗ್ರಹದ ಹುಟ್ಟಿಗೆ ಕಾರಣವಾದದ್ದು ಒಂದು ಯುದ್ಧ. ಕ್ರಿ.ಪೂ. 323ರಲ್ಲಿ ಅಲೆಕ್ಸಾಂಡರ್ ತೀರಿಕೊಂಡ ಮೇಲೆ ಅವನ ಸೇನಾಪತಿಗಳು ರಾಜ್ಯವನ್ನು ಹಂಚಿಕೊಳ್ಳುವ ಜಗಳಕ್ಕೆ ಇಳಿದರು. ಏಷ್ಯಾದ ಕಡೆ ಒಕ್ಕಣ್ಣ ಆಂಟಿಗೊನಸ್, ಈಜಿಪ್ಟಿನಲ್ಲಿ ಟಾಲೆಮಿ. ಇವರಿಬ್ಬರ ನಡುವಿನ ಸಮುದ್ರದಲ್ಲಿ ರೋಡ್ಸ್ ಇತ್ತು. ಇಯಲಿಸೊಸ್, ಕಮಿರೊಸ್, ಲಿಂಡೊಸ್ ಎಂಬ ಮೂರು ಹಳೆಯ ಪಟ್ಟಣಗಳು ಕೂಡಿ ಕ್ರಿ.ಪೂ. 408ರಲ್ಲಿ ದ್ವೀಪದ ಉತ್ತರ ತುದಿಯಲ್ಲಿ ಕಟ್ಟಿಕೊಂಡ ಹೊಸ ನಗರ ಅದು. ಈಜಿಪ್ಟಿನ ಧಾನ್ಯದ ವ್ಯಾಪಾರವೇ ಅದರ ಸಂಪತ್ತಿನ ಮೂಲವಾಗಿದ್ದರಿಂದ, ಟಾಲೆಮಿಯ ವಿರುದ್ಧ ತಮ್ಮ ಜೊತೆ ಸೇರಿ ಎಂದು ಆಂಟಿಗೊನಸ್ ಕೇಳಿದಾಗ ರೋಡ್ಸಿನ ಜನ ಒಪ್ಪಲಿಲ್ಲ. ಕ್ರಿ.ಪೂ. 305ರಲ್ಲಿ ಆಂಟಿಗೊನಸನ ಮಗ ಡಿಮಿಟ್ರಿಯಸ್ ಇನ್ನೂರು ಯುದ್ಧನೌಕೆ, ನೂರ ಎಪ್ಪತ್ತಕ್ಕೂ ಹೆಚ್ಚು ಸಾಗಣೆಯ ಹಡಗು, ನಲವತ್ತು ಸಾವಿರ ಸೈನಿಕರೊಂದಿಗೆ ದ್ವೀಪಕ್ಕೆ ಬಂದಿಳಿದನೆಂದು ಗ್ರೀಕ್ ಚರಿತ್ರೆಕಾರ ಡಯೊಡೊರಸ್ ಬರೆಯುತ್ತಾನೆ. ಅವನ ಪ್ರಕಾರ ಒಳಗಿನಿಂದ ಹೋರಾಡಬಲ್ಲ ನಾಗರಿಕರು ಆರು ಸಾವಿರ, ಜೊತೆಗೆ ಸುಮಾರು ಸಾವಿರ ಮಂದಿ ಪರದೇಶಿಗಳು. ಚೆನ್ನಾಗಿ ಹೋರಾಡಿದ ಗುಲಾಮರನ್ನು ಒಡೆಯರಿಂದ ಕೊಂಡು ಬಿಡುಗಡೆ ಮಾಡಿ ಪೌರತ್ವ ಕೊಡುವುದಾಗಿ ನಗರ ಸಾರಿತು. ನಗರಕ್ಕೆ ಎಷ್ಟು ಒತ್ತಡವಿತ್ತೆಂಬುದು ಈ ಒಂದು ನಿರ್ಣಯದಿಂದಲೇ ತಿಳಿಯುತ್ತದೆ.

ಡಿಮಿಟ್ರಿಯಸನಿಗೆ ಮುತ್ತಿಗೆಯ ಯಂತ್ರಗಳೆಂದರೆ ವಿಪರೀತ ಮೋಹ. ಅಥೆನ್ಸಿನ ಎಪಿಮಾಕಸ್ ಎಂಬ ತಂತ್ರಜ್ಞ ಅವನಿಗಾಗಿ ಹೆಲೆಪೊಲಿಸ್ ಎಂಬ ಒಂಬತ್ತು ಅಂತಸ್ತಿನ ಗಾಲಿಗೋಪುರ ಕಟ್ಟಿಕೊಟ್ಟ. ಮೂರು ಬದಿಗೆ ಕಬ್ಬಿಣದ ತಗಡು ಹೊದಿಸಿ, ಪ್ರತಿ ಅಂತಸ್ತಿನಲ್ಲೂ ಕಲ್ಲೆಸೆಯುವ ಯಂತ್ರಗಳನ್ನು ಇಟ್ಟು, ಎಂಟು ದೊಡ್ಡ ಗಾಲಿಗಳ ಮೇಲೆ ನಿಲ್ಲಿಸಿದ್ದ ಅದನ್ನು ತಳ್ಳಲು 3,400 ಮಂದಿ ಬಲಿಷ್ಠರನ್ನು ಆರಿಸಲಾಗಿತ್ತು. ಅದರ ಎತ್ತರವನ್ನು ಒಬ್ಬೊಬ್ಬ ಲೇಖಕ ಒಂದೊಂದು ಬಗೆಯಲ್ಲಿ ಹೇಳುತ್ತಾನೆ. ಮೂವತ್ತು ಮೀಟರಿನಿಂದ ನಲವತ್ತೈದು ಮೀಟರಿನವರೆಗೆ ಲೆಕ್ಕ ಹೋಗುತ್ತದೆ. ಮುಂದೆ ಅದೇ ಊರಿನಲ್ಲಿ ಎದ್ದ ಸೂರ್ಯವಿಗ್ರಹದ ಎತ್ತರವೂ ಹೆಚ್ಚುಕಡಿಮೆ ಇಷ್ಟೇ. ಇದು ಆಕಸ್ಮಿಕವಾಗಿರಲಾರದು ಎಂದು ನನ್ನ ಊಹೆ. ಗೋಡೆಯಾಚೆ ನಿಂತು ತಮ್ಮನ್ನು ಹೆದರಿಸಿದ ಗೋಪುರದ ಎತ್ತರಕ್ಕೆ ತಮ್ಮ ದೇವರನ್ನು ಎತ್ತಿ ನಿಲ್ಲಿಸಬೇಕೆಂಬ ಹಟ ಆ ಜನರಲ್ಲಿ ಇದ್ದಿರಬೇಕು.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಒಂದು ಕಥೆ ಹೇಳುತ್ತೇನೆ. ಮುಂದೆ ಅದು ನಮ್ಮ ಕೆಲಸಕ್ಕೆ ಬರುತ್ತದೆ. ರೋಮಿನ ವಾಸ್ತುಶಿಲ್ಪಿ ವಿಟ್ರೂವಿಯಸ್ ತನ್ನ ಗ್ರಂಥದ ಕೊನೆಯ ಭಾಗದಲ್ಲಿ ಇದನ್ನು ಬರೆದಿದ್ದಾನೆ. ರೋಡ್ಸಿನಲ್ಲಿ ಡಯೊಗ್ನೆಟಸ್ ಎಂಬ ತಂತ್ರಜ್ಞನಿಗೆ ನಗರದ ಬೊಕ್ಕಸದಿಂದ ವರ್ಷಾಶನ ಸಲ್ಲುತ್ತಿತ್ತು. ಅರಾಡೊಸಿನಿಂದ ಬಂದ ಕ್ಯಾಲಿಯಸ್ ಎಂಬವನು ಊರಿನಲ್ಲಿ ಒಂದು ಉಪನ್ಯಾಸ ಕೊಟ್ಟ. ಹೌದು, ಉಪನ್ಯಾಸವೇ! ಕೋಟೆಗೋಡೆಯ ಒಂದು ಪುಟ್ಟ ಮಾದರಿಯನ್ನು ಮುಂದಿಟ್ಟು, ಅದರ ಮೇಲಿನ ತಿರುಗುವ ಯಂತ್ರ ಶತ್ರುಗೋಪುರದ ಮಾದರಿಯನ್ನು ಹಿಡಿದೆತ್ತಿ ಗೋಡೆಯೊಳಗೆ ಇಳಿಸುವುದನ್ನು ತೋರಿಸಿದ. ಜನ ಬೆರಗಾಗಿ ಡಯೊಗ್ನೆಟಸನ ವರ್ಷಾಶನವನ್ನು ಕಿತ್ತು ಇವನಿಗೆ ಕೊಟ್ಟರು. ಹೆಲೆಪೊಲಿಸ್ ನಿಜವಾಗಿ ಗೋಡೆಯತ್ತ ಉರುಳಿ ಬಂದಾಗ, ಈಗ ನಿನ್ನ ಯಂತ್ರ ಕಟ್ಟು ಎಂದರೆ, ಆಗುವುದಿಲ್ಲ ಎಂದುಬಿಟ್ಟ. ವಿಟ್ರೂವಿಯಸ್ ಇದರ ಕಾರಣವನ್ನು ಸ್ಪಷ್ಟವಾಗಿ ಬಿಡಿಸಿ ಹೇಳುತ್ತಾನೆ: ಚಿಕ್ಕದರಲ್ಲಿ ನಡೆಯುವುದೆಲ್ಲ ದೊಡ್ಡದರಲ್ಲಿ ನಡೆಯುವುದಿಲ್ಲ, ಬೈರಿಗೆಯಿಂದ ಒಂದಂಗುಲದ ತೂತು ಕೊರೆಯಬಹುದು, ಅದೇ ಬಗೆಯಲ್ಲಿ ಅರ್ಧ ಅಡಿಯ ತೂತನ್ನು ಕೊರೆಯುವುದು ಯೋಚನೆಗೂ ನಿಲುಕದು.

ಕೊನೆಗೆ ಊರಿನವರು ಮತ್ತೆ ಡಯೊಗ್ನೆಟಸನ ಕಾಲಿಗೆ ಬಿದ್ದರು. ಯಂತ್ರ ಸೆರೆಸಿಕ್ಕರೆ ಅದು ತನಗೇ ಸೇರಬೇಕೆಂಬ ಷರತ್ತಿನ ಮೇಲೆ ಅವನು ಒಪ್ಪಿದ. ಗೋಪುರ ಬರುವ ದಿಕ್ಕಿನಲ್ಲಿ ಗೋಡೆಗೆ ತೂತು ಮಾಡಿಸಿ, ಊರಿನಲ್ಲಿ ಇದ್ದಬದ್ದ ನೀರು, ಕೆಸರು, ಹೊಲಸು ಎಲ್ಲವನ್ನೂ ರಾತ್ರಿಯಿಡೀ ಆಚೆಗೆ ಸುರಿಸಿದ. ಮರುದಿನ ಹೆಲೆಪೊಲಿಸ್ ಆ ರೊಚ್ಚಿನಲ್ಲಿ ಹೂತು, ಮುಂದಕ್ಕೂ ಹೋಗದೆ ಹಿಂದಕ್ಕೂ ಬರದೆ ನಿಂತುಬಿಟ್ಟಿತು. ಡಯೊಡೊರಸ್ ಈ ಕೆಸರಿನ ಪ್ರಸಂಗವನ್ನು ಹೇಳುವುದಿಲ್ಲ. ಅವನ ಕಥನದಲ್ಲಿ ರೋಡ್ಸಿನವರು ಬೆಂಕಿಯ ಬಾಣಗಳಿಂದ ಗೋಪುರಕ್ಕೆ ಹಾನಿ ಮಾಡುತ್ತಾರೆ. ಎರಡರಲ್ಲಿ ಯಾವುದು ನಿಜವಾದರೂ ಪರಿಣಾಮ ಒಂದೇ. ಸುಮಾರು ಒಂದು ವರ್ಷದ ಮುತ್ತಿಗೆಯ ನಂತರ, ಕ್ರಿ.ಪೂ. 304ರಲ್ಲಿ, ಟಾಲೆಮಿಯ ವಿರುದ್ಧವೊಂದನ್ನು ಬಿಟ್ಟು ಉಳಿದ ಯುದ್ಧಗಳಲ್ಲಿ ರೋಡ್ಸ್ ಆಂಟಿಗೊನಸನ ಮಿತ್ರನಾಗಿರತಕ್ಕದ್ದು ಎಂಬ ಒಪ್ಪಂದದೊಂದಿಗೆ ಡಿಮಿಟ್ರಿಯಸ್ ಹೊರಟುಹೋದ. ಯಂತ್ರಗಳು ಹಿಂದೆ ಉಳಿದವು. ಅವುಗಳನ್ನು ಮಾರಿ ಬಂದ ಹಣವೇ ಕೊಲೊಸಸಿನ ಬಂಡವಾಳವಾಯಿತು.

ಸೂರ್ಯನೇ ಏಕೆ ಎಂದು ಕೇಳಬಹುದು. ಜೀಯಸ್ ಭೂಮಿಯನ್ನು ದೇವತೆಗಳಿಗೆ ಹಂಚುವಾಗ ಆಕಾಶದಲ್ಲಿ ಸಂಚರಿಸುತ್ತಿದ್ದ ಸೂರ್ಯದೇವ ಹೀಲಿಯೊಸ್ ಹಾಜರಿರಲಿಲ್ಲವೆಂದೂ, ಅವನ ಪಾಲಿಗೆ ಏನೂ ಉಳಿಯದೆ ಹೋದಾಗ ಸಮುದ್ರದೊಳಗಿನಿಂದ ಆಗತಾನೇ ಮೇಲೇಳುತ್ತಿದ್ದ ದ್ವೀಪವನ್ನು ಅವನು ಕೇಳಿ ಪಡೆದನೆಂದೂ ಪಿಂಡಾರ್ ಕವಿ ಹಾಡಿದ್ದಾನೆ. ಆ ದ್ವೀಪವೇ ರೋಡ್ಸ್. ಅಲ್ಲಿನ ನಾಣ್ಯದ ಒಂದು ಮುಖದಲ್ಲಿ ಹೀಲಿಯೊಸನ ತಲೆ, ಇನ್ನೊಂದರಲ್ಲಿ ಗುಲಾಬಿ. ಗೆದ್ದ ಯುದ್ಧದ ಹಣ ಊರದೇವರಿಗೆ ಸಂದಿತು ಎಂದರೆ ಸಾಕು.

ಕೆಲಸ ವಹಿಸಿಕೊಂಡವನು ಅದೇ ದ್ವೀಪದ ಲಿಂಡೊಸಿನವನಾದ ಖಾರೆಸ್. ಅಲೆಕ್ಸಾಂಡರನ ಮೂರ್ತಿಗಳನ್ನು ಮಾಡಿದ ಲಿಸಿಪಸ್ ಅವನ ಗುರು. ಲಿಸಿಪಸ್ ಇಟಲಿಯ ತರೆಂಟಮ್ ನಗರಕ್ಕೆ ನಲವತ್ತು ಮೊಳದ ಜೀಯಸ್ ವಿಗ್ರಹವೊಂದನ್ನು ಮಾಡಿಕೊಟ್ಟಿದ್ದ. ಅದು ಎಷ್ಟು ಚೆನ್ನಾಗಿ ತೂಗಿ ನಿಂತಿತ್ತೆಂದರೆ ಕೈಯಿಂದ ತಳ್ಳಿದರೆ ಅಲುಗುತ್ತಿತ್ತಂತೆ, ಬಿರುಗಾಳಿಗೆ ಮಾತ್ರ ಬೀಳುತ್ತಿರಲಿಲ್ಲವಂತೆ. ಗಾಳಿಯ ರಭಸವನ್ನು ಒಡೆಯಲು ಪಕ್ಕದಲ್ಲೊಂದು ಕಂಬ ನಿಲ್ಲಿಸಿದ್ದರೆಂದು ರೋಮಿನ ಲೇಖಕ ಪ್ಲಿನಿ ಹೇಳುತ್ತಾನೆ. ಗುರುವಿನದು ನಲವತ್ತು ಮೊಳ, ಶಿಷ್ಯನದು ಎಪ್ಪತ್ತು ಮೊಳ. ಗ್ರೀಕರ ಮೊಳ ಸುಮಾರು ನಲವತ್ತೈದು ಸೆಂಟಿಮೀಟರ್. ಎಪ್ಪತ್ತು ಮೊಳವೆಂದರೆ ಮೂವತ್ತೊಂದರಿಂದ ಮೂವತ್ಮೂರು ಮೀಟರ್, ಇಂದಿನ ಹತ್ತು ಅಂತಸ್ತಿನ ಕಟ್ಟಡದಷ್ಟು. ಪ್ಲಿನಿಯ ಪ್ರಕಾರ ಅದಕ್ಕೆ ಹನ್ನೆರಡು ವರ್ಷ ಹಿಡಿಯಿತು, 300 ಟ್ಯಾಲೆಂಟ್ ಖರ್ಚಾಯಿತು. ಒಂದು ಟ್ಯಾಲೆಂಟಿಗೆ ಆರು ಸಾವಿರ ದ್ರಾಖ್ಮೆಯಂತೆ (ದ್ರಾಖ್ಮೆ ಗ್ರೀಕರ ಬೆಳ್ಳಿ ನಾಣ್ಯ) ಅದು ಹದಿನೆಂಟು ಲಕ್ಷ ದ್ರಾಖ್ಮೆ.

ಅದನ್ನು ಕಟ್ಟಿದ ಬಗೆಯ ಬಗ್ಗೆ ನಮಗಿರುವ ವಿವರವಾದ ವರ್ಣನೆ ಒಂದೇ. ಬೈಜಾಂಟಿಯಂನ ಫೈಲೊ ಎಂಬ ಹೆಸರಿನಲ್ಲಿ ಬಂದಿರುವ ಏಳು ಅದ್ಭುತಗಳ ಪುಸ್ತಿಕೆ ಅದು. ಆ ಹೆಸರಿನ ಯಂತ್ರಶಾಸ್ತ್ರಜ್ಞನಿಗಿಂತ ಎಷ್ಟೋ ಶತಮಾನಗಳ ಬಳಿಕ ಬೇರೆ ಯಾರೋ ಬರೆದದ್ದೆಂದು ಬಹುಪಾಲು ವಿದ್ವಾಂಸರ ಅಭಿಪ್ರಾಯ. ಅದರ ಪ್ರಕಾರ ಮೊದಲು ಬಿಳಿ ಅಮೃತಶಿಲೆಯ ಪೀಠ, ಅದರ ಮೇಲೆ ಪಾದಗಳು ಕಣಕಾಲಿನವರೆಗೆ. ಸಾಮಾನ್ಯವಾಗಿ ಶಿಲ್ಪಿಗಳು ದೊಡ್ಡ ಮೂರ್ತಿಯನ್ನು ತುಂಡುತುಂಡಾಗಿ ಎರಕ ಹೊಯ್ದು ಆಮೇಲೆ ಜೋಡಿಸುತ್ತಿದ್ದರು. ಇಲ್ಲಿ ಎತ್ತಿ ಜೋಡಿಸುವುದು ಸಾಧ್ಯವಿರಲಿಲ್ಲ. ಆದ್ದರಿಂದ ಕೆಳಗಿನ ಭಾಗದ ಮೇಲೆಯೇ ಮುಂದಿನ ಭಾಗವನ್ನು ಎರಕ ಹೊಯ್ಯುತ್ತ, ಒಳಗೆ ಕಬ್ಬಿಣದ ಹಂದರವನ್ನೂ ಚೌಕ ಕಲ್ಲುಗಳನ್ನೂ ಸೇರಿಸುತ್ತ, ಮುಗಿದ ಭಾಗದ ಸುತ್ತ ಮಣ್ಣು ಪೇರಿಸಿ ಅದರ ಮೇಲೆ ನಿಂತು ಮೇಲಿನ ಭಾಗದ ಕೆಲಸ ಮಾಡುತ್ತ ಹೋದರಂತೆ. ಕೆಲಸ ಮುಗಿಯುವ ಹೊತ್ತಿಗೆ ವಿಗ್ರಹ ಪೂರ್ತಿಯಾಗಿ ಒಂದು ಮಣ್ಣಿನ ಗುಡ್ಡದೊಳಗೆ ಹುದುಗಿತ್ತೆಂದಾಯಿತು. ಇದಕ್ಕೆ ತಗುಲಿದ ಲೋಹ 500 ಟ್ಯಾಲೆಂಟ್ ಕಂಚು, 300 ಟ್ಯಾಲೆಂಟ್ ಕಬ್ಬಿಣ ಎನ್ನುತ್ತದೆ ಆ ಪುಸ್ತಿಕೆ.

ಈ ಅಂಕಿಗಳನ್ನು ಹಾಗೆಯೇ ನುಂಗಬಾರದು. ಕುಳಿತು ಲೆಕ್ಕ ಹಾಕೋಣ. ತೂಕದ ಒಂದು ಟ್ಯಾಲೆಂಟನ್ನು ಸುಮಾರು 26 ಕಿಲೋ ಎಂದಿಟ್ಟುಕೊಂಡರೆ 500 ಟ್ಯಾಲೆಂಟ್ ಕಂಚು ಹದಿಮೂರು ಟನ್ ಆಗುತ್ತದೆ. ವಿಗ್ರಹ ಮನುಷ್ಯನ ಹದಿನೆಂಟು ಪಟ್ಟು ಎತ್ತರವಿದ್ದರೆ ಅದರ ಮೈಯ ಹೊರಮೈ ವಿಸ್ತೀರ್ಣ ಹದಿನೆಂಟರ ವರ್ಗದಷ್ಟು, ಅಂದರೆ 324 ಪಟ್ಟು ಹೆಚ್ಚು. ಮನುಷ್ಯನ ಚರ್ಮದ ವಿಸ್ತೀರ್ಣ ಎರಡು ಚದರ ಮೀಟರಿಗಿಂತ ತುಸು ಕಡಿಮೆ. ಆದ್ದರಿಂದ ವಿಗ್ರಹದ್ದು ಸುಮಾರು ಆರುನೂರು ಚದರ ಮೀಟರ್. ಹದಿಮೂರು ಟನ್ ಕಂಚನ್ನು ಆರುನೂರು ಚದರ ಮೀಟರಿಗೆ ಹರಡಿದರೆ ಸಿಗುವ ದಪ್ಪ ಎರಡೂವರೆ ಮಿಲಿಮೀಟರ್ ಮಾತ್ರ. ಉಡುಗೆಯ ನೆರಿಗೆ, ಕೂದಲು, ಕಿರೀಟದ ಕಿರಣಗಳನ್ನೂ ಸೇರಿಸಿದರೆ ಇನ್ನೂ ತೆಳು. ಇಷ್ಟು ತೆಳುವಾಗಿ, ಇಷ್ಟು ದೊಡ್ಡ ಭಾಗಗಳನ್ನು ಎರಕ ಹೊಯ್ಯುವುದು ಆ ಕಾಲಕ್ಕೆ ಆಗುವ ಮಾತೇ? 1956ರಲ್ಲಿ ಹರ್ಬರ್ಟ್ ಮೇರಿಯನ್ ಎಂಬ ಲೋಹಶಿಲ್ಪಿ ಮತ್ತು ವಸ್ತುಸಂಗ್ರಹಾಲಯದ ಸಂರಕ್ಷಕ ಇದೇ ಜಾಡಿನಲ್ಲಿ ಲೆಕ್ಕ ಹಾಕಿ, ವಿಗ್ರಹದ ಮೈ ಎರಕದ್ದಾಗಿರಲಿಲ್ಲ, ಬಡಿದು ತೆಳುಮಾಡಿದ ಕಂಚಿನ ತಗಡುಗಳನ್ನು ಕಬ್ಬಿಣದ ಹಂದರಕ್ಕೆ ಕೂಡಿಸಿದ್ದಾಗಿತ್ತು ಎಂದು ವಾದಿಸಿದ. ಮರುವರ್ಷವೇ ಡೆನಿಸ್ ಹೇನ್ಸ್ ಎಂಬ ವಿದ್ವಾಂಸ, ಫೈಲೊನ ಮಾತುಗಳು ಎರಕದ ಕೆಲಸಕ್ಕೇ ಸರಿಹೊಂದುತ್ತವೆ, ಅವನ್ನು ತಳ್ಳಿಹಾಕಲಾಗದು ಎಂದು ಉತ್ತರ ಕೊಟ್ಟ. ಈ ವಾದ ಇನ್ನೂ ಮುಗಿದಿಲ್ಲ. ನನಗನಿಸುವುದೇನೆಂದರೆ, ಪದ್ಧತಿಯ ಮಾತನ್ನೂ ತೂಕದ ಅಂಕಿಯನ್ನೂ ಒಟ್ಟಿಗೆ ನಂಬಲು ಬರುವುದಿಲ್ಲ. ಎರಡರಲ್ಲಿ ಒಂದನ್ನು ಬಿಡಲೇಬೇಕು. ಅಂಕಿಗಳು ಹಸ್ತಪ್ರತಿಯಿಂದ ಹಸ್ತಪ್ರತಿಗೆ ಸಾಗುವಾಗ ಸುಲಭವಾಗಿ ಕೆಡುವಂಥವು. ಆದ್ದರಿಂದ ನಾನು ಅಂಕಿಯನ್ನು ಬಿಡುವ ಪಕ್ಷ.

ನ್ಯೂಯಾರ್ಕಿನ ಸ್ವಾತಂತ್ರ್ಯ ಪ್ರತಿಮೆಯನ್ನು ಇಲ್ಲಿ ನೆನೆಯುವುದು ಅನಿವಾರ್ಯ. ಹಿಮ್ಮಡಿಯಿಂದ ನೆತ್ತಿಯವರೆಗೆ ಅದು ಮೂವತ್ನಾಲ್ಕು ಮೀಟರ್, ಕೊಲೊಸಸಿಗೆ ಹೆಚ್ಚುಕಡಿಮೆ ಸಮ. ಅದರ ತಾಮ್ರದ ತಗಡಿನ ದಪ್ಪ ಎರಡೂವರೆ ಮಿಲಿಮೀಟರಿಗೆ ತುಸು ಕಡಿಮೆ. ಒಳಗೆ ಐಫೆಲ್ ರೂಪಿಸಿದ ಕಬ್ಬಿಣದ ಹಂದರ. ಮೇರಿಯನ್ ವಾದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ ಎನ್ನಿಸಬಹುದು. ಆದರೆ ಅದೇ ಪ್ರತಿಮೆ ಇನ್ನೊಂದನ್ನೂ ಕಲಿಸುತ್ತದೆ. ತಾಮ್ರವೂ ಕಬ್ಬಿಣವೂ ಉಪ್ಪುಗಾಳಿಯಲ್ಲಿ ಒಂದಕ್ಕೊಂದು ತಾಗಿದರೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. 1886ರಲ್ಲಿ ನಿಲ್ಲಿಸುವಾಗ ನಡುವೆ ಕಲ್ನಾರಿನ ಪದರ ಇಟ್ಟಿದ್ದರೂ, ನೂರು ವರ್ಷ ತುಂಬುವಷ್ಟರಲ್ಲಿ ಒಳಗಿನ ಕಬ್ಬಿಣದ ಪಟ್ಟಿಗಳು ಕೆಟ್ಟು, ಅವನ್ನೆಲ್ಲ ತೆಗೆದು ತುಕ್ಕು ಹಿಡಿಯದ ಉಕ್ಕನ್ನು ಹಾಕಬೇಕಾಯಿತು. ಅಂಥ ಯಾವ ರಕ್ಷಣೆಯೂ ಇಲ್ಲದೆ ರೋಡ್ಸಿನ ಕಡಲಗಾಳಿಗೆ ಐದಾರು ದಶಕ ಮೈಯೊಡ್ಡಿದ್ದ ಕಂಚು ಮತ್ತು ಕಬ್ಬಿಣದ ಕೂಡುಗಳು ಭೂಕಂಪ ಬರುವ ಹೊತ್ತಿಗೆ ಯಾವ ಸ್ಥಿತಿಯಲ್ಲಿ ಇದ್ದಿರಬಹುದೆಂದು ಯೋಚಿಸಿ.

ಕ್ಯಾಲಿಯಸನ ಕಥೆ ಮುಂದೆ ಬೇಕಾಗುತ್ತದೆ ಎಂದಿದ್ದೆನಲ್ಲ, ಅದರ ಜೋಡಿ ಕಥೆ ಇಲ್ಲಿದೆ. ಸೆಕ್ಸ್ಟಸ್ ಎಂಪಿರಿಕಸ್ ಎಂಬ ತತ್ತ್ವಜ್ಞಾನಿ, ಅನುಪಾತದ ಮಹತ್ವವನ್ನು ಹೇಳುವ ಸಂದರ್ಭದಲ್ಲಿ, ಖಾರೆಸನ ವಿಷಯ ತೆಗೆಯುತ್ತಾನೆ. ರೋಡ್ಸಿನವರು ಒಂದು ಅಳತೆಯ ವಿಗ್ರಹಕ್ಕೆ ಎಷ್ಟಾಗುತ್ತದೆ ಎಂದು ಕೇಳಿದರಂತೆ. ಅವನು ಒಂದು ಮೊತ್ತ ಹೇಳಿದ. ಅದರ ಎರಡರಷ್ಟು ದೊಡ್ಡದಾದರೆ ಎಂದು ಮತ್ತೆ ಕೇಳಿದಾಗ, ಎರಡರಷ್ಟು ಹಣ ಎಂದ. ಹಣ ಕೊಟ್ಟರು. ಅದು ಆರಂಭದ ಕೆಲಸಕ್ಕೇ ಕರಗಿಹೋಗಿ, ಖಾರೆಸ್ ತಾನೇ ತನ್ನ ಪ್ರಾಣ ತೆಗೆದುಕೊಂಡನಂತೆ. ಎತ್ತರವನ್ನು ಇಮ್ಮಡಿಸಿದರೆ ಮೈಯ ವಿಸ್ತೀರ್ಣ ನಾಲ್ಕು ಪಟ್ಟು, ಗಾತ್ರ ಎಂಟು ಪಟ್ಟು ಆಗುತ್ತದೆ. ಇದು ಶಾಲೆಯ ಹುಡುಗರಿಗೂ ಗೊತ್ತಿರುವ ಲೆಕ್ಕ. ಲಿಸಿಪಸನ ಗರಡಿಯಲ್ಲಿ ಪಳಗಿದ, ನಲವತ್ತು ಮೊಳದ ಮೂರ್ತಿಯನ್ನು ಮಾಡಿದವನ ಶಿಷ್ಯನಾದ ಶಿಲ್ಪಿಗೆ ಇದು ತಿಳಿದಿರಲಿಲ್ಲವೆಂದು ನಾನಂತೂ ನಂಬಲಾರೆ. ವಿಗ್ರಹದ ಖರ್ಚು, ಕಾಲ ಎರಡನ್ನೂ ದಾಖಲಿಸುವ ಪ್ಲಿನಿ ಶಿಲ್ಪಿಯ ಸಾವಿನ ಬಗ್ಗೆ ಒಂದು ಮಾತನ್ನೂ ಆಡುವುದಿಲ್ಲ. ಅನುಪಾತದ ಪಾಠ ಹೇಳಲು ಹೊಸೆದ ಕಥೆಯಾಗಿ ಮಾತ್ರ ಅದನ್ನು ಓದಬೇಕು. ಆದರೂ, ಒಂದೇ ಊರಿನ ಒಂದೇ ತಲೆಮಾರಿನ ಬಗ್ಗೆ ಹುಟ್ಟಿದ ಎರಡು ಕಥೆಗಳೂ ಅಳತೆ ಹಿಗ್ಗಿದಾಗ ಲೆಕ್ಕ ತಪ್ಪುವುದನ್ನೇ ಕುರಿತಿರುವುದು ಸ್ವಾರಸ್ಯದ ಸಂಗತಿ.

ಇನ್ನು ಪತನದ ವಿಷಯ. ಗ್ರೀಕ್ ಭೂಗೋಳಕಾರ ಸ್ಟ್ರಾಬೊ ಹೇಳುವಂತೆ ವಿಗ್ರಹ ಮಂಡಿಯ ಬಳಿ ಮುರಿದು ಬಿತ್ತು. ಪ್ಲಿನಿಯ ಮಾತು ಇದಕ್ಕೆ ಹೊಂದಿಕೊಳ್ಳುತ್ತದೆ: ಮೂರ್ತಿಯನ್ನು ಸ್ಥಿರವಾಗಿ ನಿಲ್ಲಿಸಲು ಶಿಲ್ಪಿ ಒಳಗೆ ದೊಡ್ಡ ದೊಡ್ಡ ಬಂಡೆಗಳನ್ನು ತುಂಬಿದ್ದ. ಕಲ್ಲು ತುಂಬಿ ಗಡುಸಾದ ಕೆಳಗಿನ ಭಾಗ ನೆಲಕ್ಕೆ ಕಚ್ಚಿಕೊಂಡು, ಹಗುರವಾದ ಮೇಲಿನ ಭಾಗ ತೂಗಾಡಿದರೆ, ಇವೆರಡೂ ಕೂಡುವ ಜಾಗವೇ ಮುರಿಯುವುದು ಸಹಜ. ಅದೇ ಭೂಕಂಪದಲ್ಲಿ ನಗರದ ಗೋಡೆಗಳೂ ಹಡಗುಕಟ್ಟೆಗಳೂ ಬಹುಪಾಲು ಕುಸಿದವೆಂದು ಗ್ರೀಕ್ ಚರಿತ್ರೆಕಾರ ಪೊಲಿಬಿಯಸ್ ಬರೆಯುತ್ತಾನೆ. ಆಮೇಲೆ ನಡೆದದ್ದನ್ನು ಅವನು ಮೆಚ್ಚುಗೆಯೂ ವ್ಯಂಗ್ಯವೂ ಬೆರೆತ ದನಿಯಲ್ಲಿ ಹೇಳುತ್ತಾನೆ. ರೋಡ್ಸಿನ ರಾಯಭಾರಿಗಳು ರಾಜರಿಂದ ರಾಜರ ಬಳಿಗೆ ಹೋಗಿ, ಬೇಡುವವರ ಹಾಗೆ ಕಾಣದೆ ಗಾಂಭೀರ್ಯದಿಂದ ಮಾತಾಡಿ, ಕೊಡುವವರೇ ತಮಗೆ ಉಪಕಾರವಾಯಿತೆಂದು ಭಾವಿಸುವಂತೆ ಮಾಡಿದರು. ಸಿರಾಕ್ಯೂಸಿನ ಅರಸರು ಬೆಳ್ಳಿಯ ಜೊತೆಗೆ, ತಮ್ಮ ಪ್ರಜೆಗಳು ರೋಡ್ಸಿನ ಪ್ರಜೆಗಳಿಗೆ ಕಿರೀಟ ತೊಡಿಸುವ ಮೂರ್ತಿಗಳನ್ನೂ ಕಳಿಸಿದರು. ಈಜಿಪ್ಟಿನ ಮೂರನೆಯ ಟಾಲೆಮಿ 300 ಟ್ಯಾಲೆಂಟ್ ಬೆಳ್ಳಿ, ಹತ್ತು ಲಕ್ಷ ಅಳತೆ ಧಾನ್ಯ, ಹಡಗಿನ ಮರ ಮುಂತಾದವನ್ನು ಕೊಟ್ಟದ್ದಲ್ಲದೆ, ಕೊಲೊಸಸನ್ನು ಮತ್ತೆ ನಿಲ್ಲಿಸುವುದಕ್ಕೆಂದೇ 3,000 ಟ್ಯಾಲೆಂಟನ್ನೂ, ನೂರು ಮಂದಿ ಕಟ್ಟಡದ ಮೇಸ್ತ್ರಿಗಳನ್ನೂ, 350 ಕೆಲಸಗಾರರನ್ನೂ, ಅವರ ಕೂಲಿಗೆ ವರ್ಷಕ್ಕೆ ಹದಿನಾಲ್ಕು ಟ್ಯಾಲೆಂಟನ್ನೂ ಕೊಡುವುದಾಗಿ ಹೇಳಿದ.

ಭೂಕಂಪ ನಗರಕ್ಕೆ ನಷ್ಟಕ್ಕಿಂತ ಹೆಚ್ಚು ಲಾಭ ತಂದಿತು ಎಂಬುದು ಪೊಲಿಬಿಯಸನ ತೀರ್ಮಾನ. ಆದರೆ ವಿಗ್ರಹವನ್ನು ಮಾತ್ರ ಎತ್ತಲಿಲ್ಲ. ದೈವವಾಣಿಯೊಂದು ಬೇಡವೆಂದಿತು ಎಂಬುದು ಸ್ಟ್ರಾಬೊ ಕೊಡುವ ಕಾರಣ. ಗೋಡೆ, ಹಡಗು, ಬಂದರುಗಳನ್ನು ತುರ್ತಾಗಿ ಕಟ್ಟಬೇಕಿದ್ದ ವ್ಯಾಪಾರಿ ನಗರಕ್ಕೆ ಆ ದೈವವಾಣಿ ಸರಿಯಾದ ಹೊತ್ತಿಗೇ ಒದಗಿ ಬಂದಿತು ಎಂದಷ್ಟೇ ಹೇಳಬಲ್ಲೆ.

ಇಲ್ಲಿಂದ ವಿಗ್ರಹದ ಎರಡನೆಯ ಆಯುಷ್ಯ ಆರಂಭವಾಗುತ್ತದೆ, ಮತ್ತು ಅದೇ ಅದರ ನಿಜವಾದ ಆಯುಷ್ಯ. ಏಳು ಅದ್ಭುತಗಳನ್ನು ಹೆಸರಿಸುವ ಪ್ರಸಿದ್ಧ ಗ್ರೀಕ್ ಪದ್ಯದಲ್ಲಿ ಸಿಡಾನಿನ ಆಂಟಿಪೇಟರ್ ಎಂಬ ಕವಿ ಬಾಬಿಲೋನಿನ ಗೋಡೆ, ಪಿರಮಿಡ್ಡುಗಳು, ಎಫೆಸಸಿನ ದೇವಾಲಯಗಳ ಜೊತೆಗೆ ಸೂರ್ಯನ ಕೊಲೊಸಸನ್ನೂ ಎಣಿಸುತ್ತಾನೆ. ಆ ಕವಿ ಕ್ರಿ.ಪೂ. ಎರಡನೆಯ ಶತಮಾನದವನು, ಅವನ ಕಾಲಕ್ಕೆ ವಿಗ್ರಹ ಬಿದ್ದು ಹತ್ತಿರಹತ್ತಿರ ನೂರು ವರ್ಷವಾಗಿತ್ತು. ಸ್ಟ್ರಾಬೊ ಅದು ಈಗ ನೆಲದ ಮೇಲೆ ಬಿದ್ದಿದೆ ಎಂದು ವರ್ತಮಾನ ಕಾಲದಲ್ಲಿ ಬರೆದು, ಅದೇ ಉಸಿರಿನಲ್ಲಿ ಎಲ್ಲರೂ ಅದನ್ನು ಏಳು ಅದ್ಭುತಗಳಲ್ಲಿ ಒಂದೆಂದು ಒಪ್ಪುತ್ತಾರೆ ಎನ್ನುತ್ತಾನೆ. ಪ್ಲಿನಿಯಂತೂ, ಬಿದ್ದಿರುವಾಗಲೂ ಅದೊಂದು ಸೋಜಿಗವೇ ಎಂದು ಸ್ಪಷ್ಟವಾಗಿ ಹೇಳಿದ್ದಾನೆ. ಅದರ ಹೆಬ್ಬೆರಳನ್ನು ತಬ್ಬಿ ಹಿಡಿಯಬಲ್ಲವರು ಕೆಲವರೇ. ಒಂದೊಂದು ಬೆರಳೂ ಇತರ ಎಷ್ಟೋ ವಿಗ್ರಹಗಳಿಗಿಂತ ದೊಡ್ಡದು. ಅಂಗಗಳು ಮುರಿದಲ್ಲಿ ಗುಹೆಗಳ ಹಾಗೆ ಬಾಯಿ ತೆರೆದಿವೆ, ಒಳಗೆ ಬಂಡೆಗಳು ಕಾಣುತ್ತವೆ. ಮೂವತ್ತು ಮೀಟರ್ ಎತ್ತರದಲ್ಲಿ ನಿಂತ ಮೂರ್ತಿಯ ಹೆಬ್ಬೆರಳನ್ನು ಯಾರು ತಾನೇ ತಬ್ಬಲು ಹೋಗುತ್ತಾರೆ? ಅದು ಬಿದ್ದದ್ದರಿಂದಲೇ ಯಾತ್ರಿಕರಿಗೆ ಅದರ ಗಾತ್ರ ಕೈಗೆ ಸಿಕ್ಕಿತು, ಅದರ ಒಡಲು ಕಣ್ಣಿಗೆ ಬಿತ್ತು. ನಿಂತೇ ಇದ್ದಿದ್ದರೆ ಅದರೊಳಗೆ ಕಲ್ಲು ತುಂಬಿದ್ದ ವಿಷಯವೂ ನಮಗೆ ತಿಳಿಯುತ್ತಿರಲಿಲ್ಲ. ರೋಡ್ಸಿನಲ್ಲಿ ಇದಕ್ಕಿಂತ ಚಿಕ್ಕವಾದ ಬೇರೆ ನೂರು ಬೃಹತ್ ವಿಗ್ರಹಗಳಿದ್ದವು, ಅವುಗಳಲ್ಲಿ ಯಾವುದೊಂದಾದರೂ ಸಾಕು ಒಂದು ಊರನ್ನು ಪ್ರಸಿದ್ಧಗೊಳಿಸಲು ಎಂದೂ ಪ್ಲಿನಿ ಸೇರಿಸುತ್ತಾನೆ. ಅವುಗಳ ಹೆಸರನ್ನು ಇಂದು ಹೇಳುವವರಿಲ್ಲ.

ಆರನೆಯ ಶತಮಾನದ ಮಲಾಲಸ್ ಎಂಬ ಚರಿತ್ರೆಕಾರ, ರೋಮಿನ ಚಕ್ರವರ್ತಿ ಹೇಡ್ರಿಯನ್ ವಿಗ್ರಹವನ್ನು ಮತ್ತೆ ಎತ್ತಿ ನಿಲ್ಲಿಸಿದನೆಂದು ಬರೆದಿದ್ದಾನೆ. ಹೇಡ್ರಿಯನ್ ಕಾಲದ ಯಾವ ಬರಹವೂ ಶಾಸನವೂ ಇದನ್ನು ಬೆಂಬಲಿಸುವುದಿಲ್ಲವಾದ್ದರಿಂದ ಇದನ್ನು ಇಲ್ಲಿಗೇ ಬಿಡೋಣ.

ಅಂತ್ಯದ ಕಥೆ ಇದಕ್ಕಿಂತ ಹೆಚ್ಚು ಪ್ರಸಿದ್ಧ. ಒಂಬತ್ತನೆಯ ಶತಮಾನದ ಆರಂಭದಲ್ಲಿ ಬರೆದ ಥಿಯೊಫನೆಸ್ ಎಂಬ ಬೈಜಾಂಟಿಯಂನ ಸನ್ಯಾಸಿಯ ಪ್ರಕಾರ, ಕ್ರಿ.ಶ. 653ರ ಸುಮಾರಿಗೆ ಸಿರಿಯಾದ ಅಧಿಪತಿ ಮುಆವಿಯಾನ ಅರಬ್ಬರು ರೋಡ್ಸನ್ನು ವಶಪಡಿಸಿಕೊಂಡು ಕೊಲೊಸಸಿನ ಕಂಚನ್ನು ಎಡೆಸ್ಸಾದ ಯಹೂದಿ ವ್ಯಾಪಾರಿಯೊಬ್ಬನಿಗೆ ಮಾರಿದರು, ಅವನು ಅದನ್ನು 900 ಒಂಟೆಗಳ ಮೇಲೆ ಹೇರಿಕೊಂಡು ಹೋದ. ಮತ್ತೆ ಲೆಕ್ಕಕ್ಕೆ ಬರೋಣ. ಒಂಟೆಯೊಂದು ದೂರದ ಪಯಣದಲ್ಲಿ ಇನ್ನೂರು, ಇನ್ನೂರೈವತ್ತು ಕಿಲೋ ಹೊರುತ್ತದೆ. 900 ಒಂಟೆಗಳೆಂದರೆ ಇನ್ನೂರು ಟನ್ನಿನ ಆಸುಪಾಸು. ಫೈಲೊನ ಹದಿಮೂರು ಟನ್ನಿಗಾದರೆ ಅರವತ್ತು ಒಂಟೆ ಸಾಕಿತ್ತು. ಬೇರೆ ಚರಿತ್ರೆಗಳಲ್ಲಿ ಒಂಟೆಗಳ ಸಂಖ್ಯೆ ಇನ್ನೂ ಹಿಗ್ಗುತ್ತದೆ. ವಿಗ್ರಹ ಸ್ಥಾಪನೆಯಾಗಿ 1,360 ವರ್ಷವಾಗಿತ್ತು ಎಂದು ಥಿಯೊಫನೆಸ್ ಹೇಳುವುದೂ ಸರಿಯಲ್ಲ. ನಿಜವಾಗಿ ಆಗಿದ್ದದ್ದು ಒಂಬೈನೂರ ಮೂವತ್ತು ಚಿಲ್ಲರೆ. ಇವರೆಲ್ಲರ ಮಾತೂ ಎಡೆಸ್ಸಾದ ಥಿಯೊಫಿಲಸ್ ಎಂಬ ಎಂಟನೆಯ ಶತಮಾನದ ಒಬ್ಬನೇ ಲೇಖಕನಿಂದ ಹರಿದು ಬಂದಿರಬೇಕೆಂದೂ, ಹೊಸದಾಗಿ ಬಂದ ಆಳರಸರು ಹಳೆಯ ನಾಗರಿಕತೆಯ ಬೆಲೆಯರಿಯದವರೆಂದು ತೋರಿಸುವುದು ಆ ಕಥೆಯ ಉದ್ದೇಶವಾಗಿತ್ತೆಂದೂ ಇತ್ತೀಚಿನ ಕೆಲವು ಇತಿಹಾಸಕಾರರು ವಾದಿಸಿದ್ದಾರೆ. ಕಂಚಿಗೆ ಎಂದೂ ಬೆಲೆಯಿತ್ತು. ಎಂಟು ಶತಮಾನಗಳ ಕಾಲ ಯಾರೂ ಅದನ್ನು ಮುಟ್ಟದೆ ಬಿಟ್ಟಿದ್ದರೆನ್ನುವುದು ನನಗೂ ಕಷ್ಟವೆನಿಸುತ್ತದೆ. ಊರಿನವರೇ ಸ್ವಲ್ಪಸ್ವಲ್ಪವಾಗಿ ಕರಗಿಸಿಕೊಂಡಿರುವ ಸಂಭವ ಹೆಚ್ಚು.

ವಸ್ತು ಮಾಯವಾದ ಮೇಲೆ ಉಳಿದದ್ದು ಕಲ್ಪನೆ. ಬಂದರಿನ ಬಾಯಿಗೆ ಅಡ್ಡಲಾಗಿ ಎರಡು ಕಡೆಗೂ ಕಾಲಿಟ್ಟು ನಿಂತ, ಕಾಲುಗಳ ನಡುವೆ ಹಡಗುಗಳು ಹಾದುಹೋಗುವ ಮೂರ್ತಿಯ ಚಿತ್ರವನ್ನು ನೀವೆಲ್ಲ ಶಾಲೆಯ ಪುಸ್ತಕಗಳಲ್ಲಿ ನೋಡಿರುತ್ತೀರಿ. ಪ್ರಾಚೀನರಲ್ಲಿ ಒಬ್ಬನೂ ಹೀಗೆ ಹೇಳಿಲ್ಲ. 1394-95ರಲ್ಲಿ ರೋಡ್ಸಿನ ಮೂಲಕ ಹೋದ ನಿಕೊಲೊ ದಿ ಮಾರ್ತೋನಿ ಎಂಬ ಇಟಲಿಯ ಯಾತ್ರಿಕ ಸ್ಥಳೀಯರಿಂದ ಕೇಳಿ ಇದನ್ನು ಬರೆದಿಟ್ಟ. ಹದಿನಾರನೆಯ ಶತಮಾನದಲ್ಲಿ ಮಾರ್ಟಿನ್ ವಾನ್ ಹೀಮ್ಸ್‌ಕರ್ಕ್ ಎಂಬ ಡಚ್ ಕಲಾವಿದ ಬಿಡಿಸಿದ ಚಿತ್ರ ಅಚ್ಚಾಗಿ ಯುರೋಪಿನ ತುಂಬ ಹರಡಿತು. ಅರ್ಪಣೆಯ ಪದ್ಯದಲ್ಲಿ ರೋಡ್ಸಿನವರು ಕಡಲಿನ ಮೇಲೆ ಮಾತ್ರವಲ್ಲದೆ ನೆಲದ ಮೇಲೂ ಸ್ವಾತಂತ್ರ್ಯದ ಬೆಳಕನ್ನು ಬೆಳಗಿಸಿದರೆಂಬ ಮಾತಿದೆ. ಒಂದು ಕಾಲು ಅಲ್ಲಿ, ಒಂದು ಕಾಲು ಇಲ್ಲಿ ಎಂಬ ಕಲ್ಪನೆಗೆ ಅದೇ ಬೀಜವಾಗಿರಬಹುದು. ಮೂವತ್ಮೂರು ಮೀಟರಿನ ಮೂರ್ತಿ ಕಾಲು ಅಗಲಿಸಿದರೂ ಬಂದರಿನ ಬಾಯಿಯನ್ನು ದಾಟಲಾರದು. ದಾಟಿದರೂ ಹನ್ನೆರಡು ವರ್ಷ ಬಂದರನ್ನು ಮುಚ್ಚಿ ಕುಳಿತರೆ ಆ ವ್ಯಾಪಾರಿಗಳು ಉಪವಾಸ ಬೀಳುತ್ತಿದ್ದರು. ನೆಟ್ಟಗೆ ನಿಂತಿದ್ದ ಮೂರ್ತಿಯ ನಿಜವಾದ ಭಂಗಿ ತಿಳಿಯದು. ತಲೆಯನ್ನಾದರೂ ಊಹಿಸಬಹುದು: ನಾಣ್ಯಗಳ ಮೇಲಿನ ಕಿರಣ ಹೊತ್ತ ಮುಖ, ಮತ್ತು ರೋಡ್ಸಿನ ವಸ್ತುಸಂಗ್ರಹಾಲಯದಲ್ಲಿರುವ, ಲೋಹದ ಕಿರಣಗಳನ್ನು ಸಿಕ್ಕಿಸಲು ಕೂದಲಿನ ಸುತ್ತ ತೂತುಗಳಿರುವ ಅಮೃತಶಿಲೆಯ ಹೀಲಿಯೊಸ್ ತಲೆ ನಮ್ಮ ಮುಂದಿವೆ.

ಕೊನೆಯದಾಗಿ ಸ್ಥಳದ ಪ್ರಶ್ನೆ. ಮಂದ್ರಾಕಿ ಬಂದರಿನ ಒಡ್ಡಿನ ತುದಿಯಲ್ಲಿ ಸಂತ ನಿಕೋಲಸನ ಕೋಟೆ ಇದೆ. ಹದಿನೈದನೆಯ ಶತಮಾನದಲ್ಲಿ ಕ್ರೈಸ್ತ ಯೋಧರು ಕಟ್ಟಿದ ಆ ಕೋಟೆಯ ಗೋಡೆಯಲ್ಲಿ ಬಾಗಿದ ಮೈಯ ಹಳೆಯ ಅಮೃತಶಿಲೆಗಳು ಸೇರಿಕೊಂಡಿದ್ದು, ಅವು ವಿಗ್ರಹದ ಪೀಠದವು ಎಂದು ಬಹುಕಾಲ ನಂಬಲಾಗಿತ್ತು. ಕಡಲಿನಿಂದ ಬರುವವರಿಗೆ ಎದ್ದು ಕಾಣುವ ಜಾಗವೆಂಬುದು ಅದರ ಪರವಾದ ದೊಡ್ಡ ವಾದ. ಅದಕ್ಕೆದುರಾಗಿ ಉರ್ಸುಲಾ ವೆಡರ್ ಎಂಬ ಜರ್ಮನ್ ಪುರಾತತ್ತ್ವಜ್ಞೆ, ವಿಗ್ರಹ ನಿಂತಿದ್ದದ್ದು ಊರಿನ ಹಿಂದಿನ ಗುಡ್ಡದ ಮೇಲೆ, ಅಲ್ಲಿನ ಅಪೊಲೊ ದೇವಾಲಯವೆಂದು ಹೇಳಲಾಗುವ ಅವಶೇಷ ನಿಜವಾಗಿ ಹೀಲಿಯೊಸನ ಗುಡಿ ಎನ್ನುತ್ತಾರೆ. ಹಳೆಯ ನಗರದ ಮೇಲ್ಭಾಗದಲ್ಲಿ, ಯೋಧರ ಅರಮನೆಯ ಬಳಿ ಹೀಲಿಯೊಸನ ಕ್ಷೇತ್ರವಿತ್ತೆನ್ನುವವರೂ ಇದ್ದಾರೆ. ನನ್ನ ಒಲವು ನೆಲದ ಕಡೆಗೆ, ಮತ್ತು ಅದಕ್ಕೆ ಕಾರಣ ನಾನು ಇಷ್ಟು ಹೊತ್ತು ಹೇಳುತ್ತ ಬಂದ ಸಂಗತಿಯೇ. ಒಡ್ಡಿನ ತುದಿಯಲ್ಲಿ ಮಂಡಿ ಮುರಿದು ಬೀಳುವ ಮೂವತ್ತು ಮೀಟರಿನ ಮೂರ್ತಿಯ ಬಹುಭಾಗ ನೀರಿಗೆ ಬೀಳುತ್ತಿತ್ತು, ಬಂದರಿನ ಬಾಯಿಯನ್ನು ಕಟ್ಟುತ್ತಿತ್ತು. ಅದನ್ನು ಆ ನಗರ ಒಂದು ವರ್ಷವೂ ಅಲ್ಲೇ ಬಿಡುತ್ತಿರಲಿಲ್ಲ. ಮೂರು ಶತಮಾನಗಳ ನಂತರ ಪ್ಲಿನಿಯ ಕಾಲದವರು ಅದರ ಹೆಬ್ಬೆರಳನ್ನು ತಬ್ಬಿ ನೋಡುತ್ತಿದ್ದರೆಂದರೆ, ಅದು ಯಾರ ದಾರಿಗೂ ಅಡ್ಡವಾಗದ, ನಡೆದು ಹೋಗಿ ನೋಡಬಹುದಾದ ಒಣನೆಲದ ಮೇಲೆ, ಬಹುಶಃ ದೇವರಿಗೆ ಮೀಸಲಾದ ಆವರಣದೊಳಗೇ ಬಿದ್ದಿರಬೇಕು.